ನ್ಯಾಲ್ಕಲ್ ಸೀಮೆಯ ಹೋರಿಗರುಗಳು

ಬೀದರದಿಂದ ಜಹೀರಾಬಾದಿನ ಕಡೆಗೆ ಹೊರಟ ನಮಗೆ ನ್ಯಾಲ್ಕಲ್ ಸೀಮೆ ಪರನಾಡೆನಿಸದು. 1956ರವರೆಗೆ ಬೀದರ ಜಿಲ್ಲೆಗೇ ಸೇರಿದ್ದ ನೆಲವಿದು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೆದಕ ಜಿಲ್ಲೆಗೆ ಹೋಯಿತು, 2016ರಿಂದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಗಡಿ ಸರಿದರೂ ಜೋಳ, ತೊಗರಿ, ಕಡಲೆ ಬೆಳೆಯುವ ಹೊಲಗಳು ಎರಡೂ ಕಡೆ ಒಂದೇ. ಮಹಾರಾಷ್ಟ್ರದ ದೇವಣಿಯಿಂದ ಹೆಸರು ಪಡೆದ, ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಗಳ ದನಗಳಿಗೂ ಈ ಗಡಿಗಳ ಹಂಗಿಲ್ಲ.

ಇಂಥ ಸೀಮೆಯ ರೈತನಿಗೆ ಹಳೆಯ ಪ್ರಶ್ನೆಯೊಂದಿದೆ: ಮನೆಯಲ್ಲಿ ಬೆಳೆದ ಹೋರಿಗರುವನ್ನು ಮಾರುವುದೋ, ಉಳಿಸಿಕೊಳ್ಳುವುದೋ? ನೋಡಬಂದವರು ಮೊದಲು ಬಾಯಿ ತೆರೆಸುತ್ತಾರೆ. ಎರಡು ವರ್ಷದ ಸುಮಾರಿಗೆ ಹಾಲುಹಲ್ಲು ಬಿದ್ದು ಮೊದಲ ಜೋಡಿ ಹಲ್ಲು ಮೂಡುತ್ತದೆ. ಎಂಟೂ ಹಲ್ಲು ಕೂಡುವಾಗ ನಾಲ್ಕು ವರ್ಷ ತುಂಬಿರುತ್ತದೆ. ಹಲ್ಲು ಹೇಳುವುದು ವಯಸ್ಸನ್ನು, ಗುಣವನ್ನಲ್ಲ. ಕಾಲಿನ ನಿಲುವು, ಗೊರಸಿನ ಗಟ್ಟಿತನ, ಎದೆಯ ಅಗಲ, ನಡಿಗೆಯ ನೇರ ಇವುಗಳಿಂದ ಗುಣವನ್ನು ಊಹಿಸಬೇಕು. ನೊಗ ಹೊತ್ತ ಮೇಲಷ್ಟೇ ಆ ಊಹೆಯ ಪರೀಕ್ಷೆ.

ಈಗ ಮಾರಿದರೆ ಸಿಗುವುದು ಊಹೆಯ ಬೆಲೆ. ಉಳಿಸಿಕೊಂಡರೆ ಇನ್ನೆರಡು ವರ್ಷದ ಮೇವಿನ ಹೊರೆ. ಆ ಹಣಕ್ಕೆ ಇನ್ನಷ್ಟು ಸೇರಿಸಿ ಪಳಗಿದ ಎತ್ತನ್ನು ತಂದರೆ ಈ ಸಲದ ಬಿತ್ತನೆ ಸಾಗೀತು. ನಾಳಿನ ಎತ್ತು ಮಾತ್ರ ಕೊಟ್ಟಿಗೆ ಬಿಟ್ಟು ಹೋಗಿರುತ್ತದೆ. ಟ್ರ್ಯಾಕ್ಟರು ಬಂದ ಮೇಲೆ ತಕ್ಕಡಿ ಮಾರುವ ಕಡೆಗೇ ವಾಲಿದೆ. ಆದರೂ ಮೈಕಟ್ಟು, ನಡಿಗೆ ಹೊಂದುವ ಎರಡು ಕರುಗಳಿದ್ದಲ್ಲಿ ಒಂದನ್ನೇ ಮಾರುವುದು ತರವಲ್ಲವೆಂದು ನಮಗೆ ತೋರುತ್ತದೆ. ಉಳಿದ ಒಂಟಿಗೆ ಸರಿಜೋಡಿ ಹುಡುಕುವ ಹೊತ್ತಿಗೆ ಮಾರಿ ಬಂದ ಹಣ ಸಾಲದೆ ಹೋದೀತು.