ಗಾರೆಗೆ ಮುನ್ನ ಗೋಡೆ

ಗಾರೆ ಗೋಡೆಗೆ ಕಚ್ಚಿಕೊಳ್ಳಬೇಕಾದರೆ ಗೋಡೆಯ ಮೈ ಒರಟಾಗಿರಬೇಕು, ಹಸಿ ಗಾರೆಯ ನೀರನ್ನು ಅದು ಹದವಾಗಿ ಹೀರಬೇಕು. ಮೇಸ್ತ್ರಿಯ ಕೈಚಳಕ, ಸಿಮೆಂಟಿನ ಕಂಪನಿ, ಮರಳಿನ ನುಣುಪು, ಇವೆಲ್ಲ ಆಮೇಲಿನ ಮಾತು. ಮನೆ ಕಟ್ಟಿಸುವವರ ಚರ್ಚೆ ಮಾತ್ರ ಈ ಆಮೇಲಿನ ಮಾತುಗಳ ಸುತ್ತಲೇ ನಡೆಯುತ್ತದೆ. ಬೋಳುಗೋಡೆಯ ಮುಂದೆ ನಿಂತು ಅದನ್ನು ಸವರಿ ನೋಡುವವರು ಕಡಿಮೆ. ಸವರಿದ ಅಂಗೈಗೆ ಪುಡಿ ಹತ್ತಿದರೆ ಆ ಗೋಡೆ ಇನ್ನೂ ಗಾರೆಗೆ ಸಿದ್ಧವಾಗಿಲ್ಲ.

ಬಾಗಿಲು ಕಿಟಕಿಗಳ ಚೌಕಟ್ಟು ಕೂತಿರಬೇಕು, ವೈರಿಂಗ್ ಪೈಪಿಗೂ ನೀರಿನ ಪೈಪಿಗೂ ಗೋಡೆ ಕೊರೆಯುವುದು ಮುಗಿದಿರಬೇಕು, ಸಾರುವೆ ಕಟ್ಟಲು ಬಿಟ್ಟ ತೂತುಗಳು ತುಂಬಿರಬೇಕು. ಇದು ಎಲ್ಲರಿಗೂ ಗೊತ್ತಿರುವುದೇ.

ಇಟ್ಟಿಗೆ ಗೋಡೆಯಲ್ಲಿ ಹೆಚ್ಚಿನ ಹಿಡಿತ ಸಿಗುವುದು ಸಂದುಗಳಲ್ಲಿ. ಸಂದನ್ನು ಕನಿಷ್ಠ 10 ಮಿಲಿಮೀಟರ್ ಆಳಕ್ಕೆ ಕೆರೆದಿರಬೇಕು. ವರಸೆ ಕಟ್ಟಿದ ದಿನವೇ, ಗಾರೆ ಇನ್ನೂ ಹಸಿಯಾಗಿರುವಾಗ ಇದು ಸುಲಭದ ಕೆಲಸ. ಅಂದು ಬಿಟ್ಟರೆ ಮುಂದೆ ಉಳಿ ಸುತ್ತಿಗೆ ಹಿಡಿದು ಕೆತ್ತಬೇಕಾಗುತ್ತದೆ, ಆ ಪೆಟ್ಟಿಗೆ ಇಟ್ಟಿಗೆಯ ಅಂಚೂ ಒಡೆಯುತ್ತದೆ. ಕರಾವಳಿಯ ಕೆಂಪುಕಲ್ಲಿಗೆ ಹುಟ್ಟಿನಿಂದಲೇ ಕುಳಿಗಳಿವೆ. ಆದರೆ ಆ ಕುಳಿಗಳಲ್ಲಿ ಮೆತ್ತನೆಯ ಮಣ್ಣು ಕೂತಿರುತ್ತದೆ. ತಂತಿ ಬ್ರಷ್ಷಿನಿಂದ ಅದನ್ನು ತೆಗೆಯದಿದ್ದರೆ ಗಾರೆ ಕಚ್ಚುವುದು ಕಲ್ಲನ್ನಲ್ಲ, ಮಣ್ಣನ್ನು.

ಗೋಡೆಯ ಮೇಲೆ ಬಿಳಿ ಉಪ್ಪು ಉಕ್ಕಿದ್ದರೆ ಮೊದಲೇ ನೀರು ಹೊಡೆಯಬಾರದು. ನೀರಿನಲ್ಲಿ ಕರಗಿದ ಉಪ್ಪು ಮತ್ತೆ ಇಟ್ಟಿಗೆಯೊಳಗೆ ಇಳಿದು, ಒಣಗುವಾಗ ಗಾರೆಯನ್ನೂ ಬಣ್ಣವನ್ನೂ ತಳ್ಳಿಕೊಂಡು ಹೊರಬರುತ್ತದೆ. ಒಣಗಿರುವಾಗಲೇ ಅದನ್ನು ಉಜ್ಜಿ ಉದುರಿಸಿ, ಪುಡಿಯನ್ನು ಗುಡಿಸಿ ದೂರ ಹಾಕಿ, ಕೆಲವು ದಿನ ಕಾದು ನೋಡಬೇಕು. ಮತ್ತೆ ಉಕ್ಕಿದರೆ ಮತ್ತೆ ಉಜ್ಜಬೇಕು.

ಕಾಂಕ್ರೀಟಿನ ಪಿಲ್ಲರು, ಬೀಮುಗಳ ಕಷ್ಟ ಬೇರೆ. ಸೆಂಟ್ರಿಂಗ್ ಶೀಟಿಗೆ ಸವರಿದ ಎಣ್ಣೆ ಅವುಗಳ ಮೈಗೂ ಹತ್ತಿರುತ್ತದೆ, ಮೈ ನುಣ್ಣಗೂ ಇರುತ್ತದೆ. ಎಣ್ಣೆ ತೊಳೆದು, ಮೈಯೆಲ್ಲ ಒತ್ತೊತ್ತಾಗಿ ಕಚ್ಚು ಬೀಳುವಂತೆ ಕೆತ್ತಬೇಕು. ಅಲ್ಲೊಂದು ಇಲ್ಲೊಂದು ಗೀರು ಸಾಲದು. ಪಿಲ್ಲರು ಇಟ್ಟಿಗೆಯನ್ನು ಕೂಡುವ ಕಡೆ ಎರಡಕ್ಕೂ ಅರ್ಧ ಅರ್ಧ ಅಡಿ ಚಾಚುವಂತೆ ಚಿಕನ್ ಮೆಶ್ ಬಿಗಿಯಬೇಕು. ಬಿಸಿಲಿಗೆ, ತೇವಕ್ಕೆ ಕಾಂಕ್ರೀಟು ಹಿಗ್ಗಿ ಕುಗ್ಗುವ ಪರಿಯೇ ಒಂದು, ಇಟ್ಟಿಗೆಯದೇ ಇನ್ನೊಂದು. ಜಾಲರಿ ಇಲ್ಲದ ಕಡೆ ಆ ಗೆರೆಯುದ್ದಕ್ಕೂ ಬಿರುಕು ಮೂಡುತ್ತದೆ.

ಇನ್ನು ನೀರು. ಗೋಡೆಯ ಕೆಲಸದಲ್ಲಿ ಇಷ್ಟು ಉಡಾಫೆಗೆ ಗುರಿಯಾದದ್ದು ಇನ್ನೊಂದಿಲ್ಲ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಡನೆ ಕೂಡಿ ಗಟ್ಟಿಯಾಗುವುದು. ಒಳಗೋಡೆಗೆ ಹಚ್ಚುವ ಗಾರೆ ಸುಮಾರು 12 ಮಿಲಿಮೀಟರ್ ದಪ್ಪ. ಇಷ್ಟು ತೆಳುವಾದ ಪದರದ ನೀರನ್ನು ಕಾದ ಇಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಹೀರಿಬಿಡುತ್ತದೆ. ಆಗ ಗೋಡೆಗೆ ತಾಗಿದ ಸಿಮೆಂಟು ಪುಡಿಯಾಗಿಯೇ ಉಳಿಯುತ್ತದೆ. ಹೊರಗೆ ಗಟ್ಟಿಯಾಗಿ ಕಂಡರೂ ಬೆರಳ ಗಂಟಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಇದಕ್ಕೆ ಹೆದರಿ, ಪೈಪು ಹಿಡಿದು ಗೋಡೆಯನ್ನು ತೋಯಿಸಿ ತೊಪ್ಪೆ ಮಾಡುವುದು ಅಷ್ಟೇ ದೊಡ್ಡ ತಪ್ಪು. ನೀರು ಕುಡಿದು ತುಂಬಿದ ಇಟ್ಟಿಗೆ ಗಾರೆಯನ್ನು ಎಳೆದುಕೊಳ್ಳುವುದೇ ಇಲ್ಲ, ಹಚ್ಚಿದ ಗಾರೆ ಜಾರುತ್ತದೆ. ಹಿಂದಿನ ಸಂಜೆ ಚೆನ್ನಾಗಿ ನೀರುಣಿಸಿ, ಕೆಲಸಕ್ಕೆ ಸ್ವಲ್ಪ ಮುಂಚೆ ಹಗುರವಾಗಿ ಚಿಮುಕಿಸಿ, ಮೈಮೇಲಿನ ಹೊಳಪು ಆರಿದ ಕೂಡಲೇ ಗಾರೆ ಹಚ್ಚುವುದು ಸರಿಯಾದ ಹದ. ಒಂದು ಬೊಗಸೆ ನೀರು ಎರಚಿದರೆ ಹದ ತಿಳಿಯುತ್ತದೆ. ಬಿದ್ದೊಡನೆ ಮಾಯವಾದರೆ ಗೋಡೆ ಒಣಗಿದೆ, ಧಾರೆಯಾಗಿ ಇಳಿದುಹೋದರೆ ಹೆಚ್ಚು ನೆನೆದಿದೆ. ಸಿಮೆಂಟ್ ಬ್ಲಾಕಿನ ಗೋಡೆಗೆ ಈ ಲೆಕ್ಕ ಹೊಂದುವುದಿಲ್ಲ. ನೆನೆದ ಬ್ಲಾಕು ಒಣಗುತ್ತ ಕುಗ್ಗಿ ಗಾರೆಯನ್ನು ಸೀಳುತ್ತದೆ. ಅದಕ್ಕೆ ತುಂತುರು ಚಿಮುಕಿಸಿದರೆ ಸಾಕು. ಒಂದೇ ಮನೆಯಲ್ಲಿ ಇಟ್ಟಿಗೆಯ ಗೋಡೆಯೂ ಬ್ಲಾಕಿನ ಗೋಡೆಯೂ ಇದ್ದಾಗ ಎರಡಕ್ಕೂ ಒಂದೇ ಪೈಪು ಹಿಡಿಯುವುದು ಅನ್ಯಾಯ. ಕುಡಿಯಲು ಬಾರದ ಉಪ್ಪುನೀರಿನ ಬೋರ್‌ವೆಲ್ ಗೋಡೆಗೂ ಬೇಡ. ಉಜ್ಜಿ ತೆಗೆದ ಉಪ್ಪನ್ನು ಅದು ಮತ್ತೆ ತುಂಬುತ್ತದೆ.

ಗೋಡೆಯ ಮೈಯನ್ನು ಇಷ್ಟು ಶ್ರದ್ಧೆಯಿಂದ ನೋಡುವುದು ಈ ನಾಡಿಗೆ ಹೊಸದಲ್ಲ. 12ನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಚಿತ್ರ ಬರೆಯುವ ಗೋಡೆಯನ್ನು ಸಿದ್ಧಮಾಡುವ ಕ್ರಮವನ್ನು ವಿವರಿಸುತ್ತದೆ. ಸುಣ್ಣ ಬಳಿದು ನುಣುಪು ಮಾಡಿದ ಗೋಡೆಗೆ, ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯ ಹದಕ್ಕೆ ಕುದಿಸಿ ತೆಗೆದ ವಜ್ರಲೇಪವನ್ನು ಬಿಳಿ ಮಣ್ಣಿನೊಡನೆ ಬೆರೆಸಿ ಮೂರು ಸಲ ಬಳಿಯಬೇಕು, ಪ್ರತಿ ಸಲವೂ ಒಣಗಲು ಬಿಡಬೇಕು. ರಾಜ್ಯವಾಳುವವನ ಗ್ರಂಥದಲ್ಲಿ ಗೋಡೆ ಒಣಗುವ ಹೊತ್ತಿಗೂ ಜಾಗವಿದೆ! ಹಂಪಿಯಲ್ಲಿ ಕಲ್ಲಿನ ಬುಡದ ಮೇಲೆ ಇಟ್ಟಿಗೆಯಿಂದ ಗೋಪುರ ಎತ್ತಿ, ಬೊಂಬೆಗಳನ್ನು ಸುಣ್ಣದ ಗಾರೆಯಲ್ಲಿ ಮಾಡಿದರು. ಗಾರೆ ಉದುರಿದ ಗೋಪುರಗಳಲ್ಲಿ ಈಗ ಒಳಗಿನ ಇಟ್ಟಿಗೆಯ ಏರಿಳಿತ ಕಾಣುತ್ತದೆ. ಗಾರೆ ಹಚ್ಚುವ ಮೊದಲೇ ರೂಪದ ಒರಟು ಆಕಾರವನ್ನು ಇಟ್ಟಿಗೆಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ಹಂಪಿಗೆ ಹೋದವರು ಕಲ್ಲಿನ ಕೆತ್ತನೆಯಷ್ಟೇ ಹೊತ್ತು ಆ ಇಟ್ಟಿಗೆಗಳನ್ನೂ ನೋಡಬೇಕು.

ಕಡೆಯ ಕೆಲಸ ತೂಗುಗುಂಡಿನದು. ಗೋಡೆಯ ಮೇಲೆ ಅಲ್ಲಲ್ಲಿ ಗಾರೆಯ ಸಣ್ಣ ಬಿಲ್ಲೆಗಳನ್ನು ಕೂರಿಸಿ, ದಾರ ಹಿಡಿದು, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರೆ ಗೋಡೆಯ ಉಬ್ಬುತಗ್ಗು ಬಯಲಾಗುತ್ತದೆ. ಉಬ್ಬನ್ನು ಕೆತ್ತಬೇಕು. ಆಳವಾದ ತಗ್ಗನ್ನು ಮೊದಲೇ ತುಂಬಿ, ಮೈ ಒರಟು ಬಿಟ್ಟು ಗಟ್ಟಿಯಾಗಲು ಬಿಡಬೇಕು. ಒಂದೇ ಸಲಕ್ಕೆ ದಪ್ಪ ಗಾರೆ ಮೆತ್ತಿದರೆ ತನ್ನ ಭಾರಕ್ಕೇ ಜೋಲುತ್ತದೆ.

ಇಷ್ಟೆಲ್ಲ ಗೊತ್ತಿದ್ದ ಮೇಸ್ತ್ರಿಯೂ ಅವಸರ ಮಾಡುವುದಕ್ಕೆ ಕಾರಣ ಕೂಲಿಯ ಲೆಕ್ಕ. ಗಾರೆಗೆ ಚದರಡಿಯ ದರವಿದೆ. ಕೆರೆಯುವುದಕ್ಕೆ, ಉಜ್ಜುವುದಕ್ಕೆ, ನೀರಿನ ಹದ ಕಾಯುವುದಕ್ಕೆ ಬೇರೆ ದರವಿಲ್ಲ. ಮನೆ ಕಟ್ಟಿಸುವವರು ಗಾರೆಯ ದರ ಮಾತಾಡುವ ದಿನವೇ ಗೋಡೆ ಸಿದ್ಧಮಾಡುವ ಕೂಲಿಯನ್ನೂ ಬೇರೆಯಾಗಿ ಗೊತ್ತುಮಾಡಿ, ಅದನ್ನು ಚೌಕಾಸಿ ಮಾಡದೆ ಕೊಡಬೇಕು.