ಮದ್ದಿನ ಚೀಟಿಯೂ ಮನೆಯವರ ಮಾತೂ

ಮನೆಯಲ್ಲಿ ಒಬ್ಬರಿಗೆ ವಿಷಮಜ್ವರ ಬಂದಿತೆಂದರೆ ಓಣಿಯ ಜನರೆಲ್ಲ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಒಬ್ಬರು ಗಂಜಿ ಕಾಯಿಸಿ ತರುತ್ತಾರೆ, ಇನ್ನೊಬ್ಬರು ತಮಗೆ ಗೊತ್ತಿರುವ ಡಾಕ್ಟರರ ಹೆಸರು ಹೇಳುತ್ತಾರೆ, ಮತ್ತೊಬ್ಬರು ಔಷಧದ ಸೀಸೆಯನ್ನು ಬೆಳಕಿಗೆ ಹಿಡಿದು, "ಇದರ ಅವಧಿ ಮುಗಿದಿದೆಯಲ್ಲ!" ಎಂದು ಎಚ್ಚರಿಸುತ್ತಾರೆ. ಮನಸ್ಸಿಗೆ ರೋಗ ಬಂದಾಗ ಮಾತ್ರ ನಾವು ಬಾಗಿಲು ಮುಚ್ಚಿಕೊಳ್ಳುತ್ತೇವೆ. ಮಾನ ಹೋದೀತೆಂಬ ಅಂಜಿಕೆ ನಮಗೆ. ಈ ಗುಟ್ಟಿನಿಂದಾಗುವ ಹಾನಿಗಳು ಹಲವಿವೆ. ಅವುಗಳಲ್ಲಿ ಒಂದನ್ನು ಕುರಿತು ಗೃಹಸ್ಥರಾದ ನಾವು ಅಷ್ಟಾಗಿ ಯೋಚಿಸಿದಂತೆ ಕಾಣುವುದಿಲ್ಲ. ಚಿಕಿತ್ಸೆಯಲ್ಲಿ ತಪ್ಪೇನಾದರೂ ನುಸುಳಿದರೆ ಅದನ್ನು ಕಂಡು ಹೇಳುವ ಕಣ್ಣುಗಳು ಕಡಮೆಯಾಗುತ್ತವೆ. ರೋಗಿಯೇ ಬಾಯಿಬಿಟ್ಟು ಹೇಳಿದರೂ ನಂಬುವವರಿರುವುದಿಲ್ಲ. ಜ್ವರದವನು "ತಲೆ ಸುತ್ತುತ್ತದೆ" ಎಂದರೆ ಅದು ಔಷಧದ ದೋಷವಿರಬಹುದೆಂದು ಯೋಚಿಸುವ ನಾವು, ಮನೋರೋಗಿ ಅದೇ ಮಾತನ್ನು ಹೇಳಿದರೆ ಅದು ರೋಗದ ಮಾತೆಂದು ತಳ್ಳಿಹಾಕಿಬಿಡುತ್ತೇವೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಚಿಕ್ಕಪ್ಪನ ಮಗನೊಬ್ಬನು ಶಾಲೆಯ ಉಪಾಧ್ಯಾಯ. ಮಕ್ಕಳಿಗೆ ಅಚ್ಚುಮೆಚ್ಚಿನ ಮೇಷ್ಟ್ರು. ಆತನಿಗೆ ಕೆಲವು ತಿಂಗಳು ಅತಿಯಾದ ಉಲ್ಲಾಸ, ಕೆಲವು ತಿಂಗಳು ತಳವಿಲ್ಲದ ದುಃಖ, ಹೀಗೆ ಎರಡು ಮುಖವುಳ್ಳ ರೋಗ. ಒಂದು ಸಲ ದುಃಖದ ಕಾಲದಲ್ಲಿ, ತಾನು ಮನೆಗೆ ಭಾರವಾದೆನೆಂದೂ ತಾನಿಲ್ಲದಿದ್ದರೆ ಎಲ್ಲರೂ ಸುಖವಾಗಿರುವರೆಂದೂ ಹೇಳತೊಡಗಿದನು. ಹೆಂಡತಿ ಅದನ್ನು ಕೇಳಿ ಸುಮ್ಮನಿರಲಿಲ್ಲ. ಆ ರಾತ್ರಿಯೇ ನಮ್ಮನ್ನೆಲ್ಲ ಕರೆಸಿದಳು. ಬೆಳಗಾಗುವುದರೊಳಗೆ ಆತನು ಆಸ್ಪತ್ರೆಯಲ್ಲಿದ್ದನು. ಅಲ್ಲಿ ಆತನಿಗೆ ಲಿಥಿಯಂ ಎಂಬ ಔಷಧವನ್ನು ಆರಂಭಿಸಿದರು.

ಈ ಔಷಧದ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಇದು ಉಪ್ಪಿನ ಜಾತಿಗೆ ಸೇರಿದ ವಸ್ತು. ಉನ್ಮಾದದ ರೋಗಿಗಳಿಗೆ ಇದರಿಂದ ಗುಣವಾಗುವುದೆಂದು ಆಸ್ಟ್ರೇಲಿಯಾ ದೇಶದ ಜಾನ್ ಕೇಡ್ ಎಂಬ ವೈದ್ಯನು 1949ರಲ್ಲಿ ಪ್ರಕಟಿಸಿದನು. ಈ ರೋಗದವರಲ್ಲಿ ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣಕ್ಕಾಗಿ ಹೆಸರಾದ ಔಷಧಗಳಲ್ಲಿ ಇದು ಮುಖ್ಯವಾದುದು. ಆದರೆ ಇದರ ಹಿತಕ್ಕೂ ಅಹಿತಕ್ಕೂ ನಡುವಿನ ದಾರಿ ಬಹಳ ಕಿರಿದು. ರಕ್ತದಲ್ಲಿ ಒಂದು ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಅದು ಮದ್ದು, 1.5ನ್ನು ದಾಟಿದರೆ ವಿಷದ ಲಕ್ಷಣಗಳು ತಲೆದೋರುತ್ತವೆ. ಆದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಇದನ್ನು ದೇಹದಿಂದ ಹೊರಹಾಕುವ ಕೆಲಸ ಮೂತ್ರಪಿಂಡಗಳದು. ಬೆವರು, ವಾಂತಿ, ಭೇದಿಗಳಿಂದ ಮೈಯ ನೀರು ಕಡಮೆಯಾದರೆ, ಊಟದ ಉಪ್ಪನ್ನು ಥಟ್ಟನೆ ಬಿಟ್ಟರೆ, ಅಥವಾ ಐಬುಪ್ರೊಫೇನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಮಾತ್ರೆಗಳನ್ನು ಸೇವಿಸಿದರೆ, ಲಿಥಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ. ರಕ್ತದ ಒತ್ತಡಕ್ಕೂ ಮೂತ್ರ ಹೋಗುವುದಕ್ಕೂ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು.

ನಮ್ಮ ಮೇಷ್ಟ್ರಿಗೆ ಆದದ್ದೂ ಇದೇ. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯಲ್ಲಿ ಮಾತ್ರೆಯ ಹೆಸರೂ ವೇಳೆಯೂ ಇದ್ದುವು. ಯಾವುದರೊಡನೆ ಕೂಡದು ಎಂಬುದಾಗಲಿ, ರಕ್ತಪರೀಕ್ಷೆಯ ದಿನವಾಗಲಿ ಇರಲಿಲ್ಲ. ಬೇಸಗೆಯಲ್ಲಿ ಮಂಡಿನೋವು ಬಂದು, ಬೇರೊಬ್ಬ ಡಾಕ್ಟರರು ನೋವಿನ ಮಾತ್ರೆ ಬರೆದುಕೊಟ್ಟರು. ಮತ್ತಾವ ಔಷಧ ನಡೆಯುತ್ತಿದೆಯೆಂದು ಅವರು ಕೇಳಲಿಲ್ಲ. ಔಷಧದಂಗಡಿಯವನು ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಟ್ಟನು. ಅದೇ ವಾರ ಏಕಾದಶಿ. ಆತನದು ನಿರ್ಜಲ ಉಪವಾಸ. ನಾಲ್ಕೈದು ದಿನಗಳಲ್ಲಿ ಕೈ ನಡುಗತೊಡಗಿತು; ಭೇದಿಯಾಯಿತು; ನಾಲಗೆ ತೊದಲಿ, ನಡಿಗೆ ತೂರಾಡಿತು. ಆಸ್ಪತ್ರೆಗೆ ಕರೆದೊಯ್ದಾಗ ಅಂದು ಕೆಲಸದ ಮೇಲಿದ್ದ ತರುಣ ಡಾಕ್ಟರರು ಹಳೆಯ ಕಾಗದಗಳನ್ನು ನೋಡಿ, ರೋಗ ಮರುಕಳಿಸಿದೆಯೆಂದು ನಿರ್ಣಯಿಸಿ ಮತ್ತೊಂದು ಮಾತ್ರೆಯನ್ನು ಸೇರಿಸಿದರು.

ಆಗ ಆತನ ಹೆಂಡತಿ ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಸ್ವಾಮಿ, ಇವರ ಕಾಯಿಲೆಯನ್ನು ನಾನು ಹನ್ನೆರಡು ವರ್ಷದಿಂದ ಕಂಡಿದ್ದೇನೆ. ಇದು ಆ ಕಾಯಿಲೆಯಲ್ಲ. ಆ ಕಾಯಿಲೆಯಲ್ಲಿ ಇವರ ಕೈ ಎಂದೂ ನಡುಗಿದ್ದಿಲ್ಲ." ಡಾಕ್ಟರರು ಬೇರೆ ರೋಗಿಗಳ ಕಡೆ ಹೋದರು. ಪಕ್ಕದಲ್ಲಿದ್ದ ಹಿರಿಯ ದಾದಿಯೊಬ್ಬಳು ಮಾತ್ರ ನಿಂತು, "ಬೇರೆ ಏನಾದರೂ ಮಾತ್ರೆ ಕೊಟ್ಟಿರಾ, ತಾಯಿ?" ಎಂದು ಕೇಳಿದಳು. ಈಕೆ ಸೆರಗಿನ ಗಂಟು ಬಿಚ್ಚಿ ನೋವಿನ ಮಾತ್ರೆಯ ಹಾಳೆಯನ್ನು ತೋರಿಸಿದಳು. ಅದನ್ನು ಕಂಡೊಡನೆ ದಾದಿಯು ಹಿರಿಯ ಡಾಕ್ಟರರನ್ನು ಕರೆತಂದಳು. ರಕ್ತಪರೀಕ್ಷೆಯಾಯಿತು, ಲಿಥಿಯಂ ಮಿತಿಯನ್ನು ಮೀರಿತ್ತು. ಎರಡು ಔಷಧಗಳನ್ನೂ ನಿಲ್ಲಿಸಿ ರಕ್ತನಾಳದ ಮೂಲಕ ದ್ರವವನ್ನು ಕೊಟ್ಟರು. ಐದಾರು ದಿನಗಳಲ್ಲಿ ಆತನು ಎದ್ದು ಕುಳಿತನು.

ತಪ್ಪು ಯಾರದು? ಒಬ್ಬನ ಕೊರಳಿಗೆ ಕಟ್ಟುವುದು ಸುಲಭ. ಅದರಿಂದ ಮುಂದಿನ ರೋಗಿಗೆ ಪ್ರಯೋಜನವಿಲ್ಲ. ಜೇಮ್ಸ್ ರೀಸನ್ ಎಂಬ ಆಂಗ್ಲ ಮನಶ್ಶಾಸ್ತ್ರಜ್ಞನು ಇಂಥ ಅನಾಹುತಗಳನ್ನು ತೂತುಗಳಿರುವ ಚೀಸಿನ ಹೋಳುಗಳಿಗೆ ಹೋಲಿಸಿದನು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಂದರ ಹಿಂದೊಂದು ನಾಲ್ಕು ಬಾಗಿಲುಗಳಿದ್ದು ನಾಲ್ಕೂ ಒಂದೇ ರಾತ್ರಿ ತೆರೆದುಕೊಂಡಿದ್ದರೆ ಕಳ್ಳನು ಕೋಣೆಗೆ ಬರುತ್ತಾನೆ. ಚೀಟಿ ಬರೆದವರು, ಎರಡನೆಯ ಡಾಕ್ಟರರು, ಅಂಗಡಿಯವನು, ಪರೀಕ್ಷಿಸದೆ ನಿರ್ಣಯಿಸಿದವರು, ಇವರಲ್ಲಿ ಒಬ್ಬರು ತಡೆದಿದ್ದರೂ ಅಪಾಯ ತಪ್ಪುತ್ತಿತ್ತು. ಇದು ನಮ್ಮ ಊರಿನದೊಂದೇ ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ, ಔಷಧಗಳಿಂದಾಗುವ, ತಪ್ಪಿಸಬಹುದಾದ ಘೋರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸಬೇಕೆಂದು ಎಲ್ಲ ದೇಶಗಳಿಗೂ ಕರೆಕೊಟ್ಟಿತು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದರ ಮುಂದಿನ ಮಾತು. ಮೈಯ ವಿಷ ಇಳಿಯಿತು. ಮನಸ್ಸಿನ ನಂಬಿಕೆಯೂ ಅದರೊಡನೆ ಇಳಿದುಹೋಯಿತು. "ಇನ್ನು ಯಾವ ಮದ್ದೂ ಬೇಡ, ಯಾವ ಡಾಕ್ಟರೂ ಬೇಡ" ಎಂದು ಆತನು ಗೋಡೆಗೆ ಮುಖ ಮಾಡಿ ಮಲಗಿದನು. ಮನೆಯ ಹಿರಿಯರೂ ಹೌದೆಂದು ತಲೆದೂಗಿದರು. ಆದರೆ ಲಿಥಿಯಂ ಔಷಧವನ್ನು ಮುಂದಿನ ಏರ್ಪಾಡಿಲ್ಲದೆ ಥಟ್ಟನೆ ಬಿಟ್ಟವರಲ್ಲಿ ರೋಗ ಮರುಕಳಿಸುವ ಸಂಭವವೂ ಆತ್ಮಹತ್ಯೆಯ ಅಪಾಯವೂ ಹೆಚ್ಚೆಂಬುದು ವೈದ್ಯರು ಕಂಡುಕೊಂಡಿರುವ ಸಂಗತಿ. ಹೀಗೆ ಚಿಕಿತ್ಸೆಯ ಒಂದು ತಪ್ಪು ಎರಡು ಸಲ ಕೊಲ್ಲಬಲ್ಲದು: ಮೊದಲು ವಿಷವಾಗಿ, ಆಮೇಲೆ ಹತಾಶೆಯಾಗಿ.

ಆತನನ್ನು ಉಳಿಸಿದ್ದು ಹಿರಿಯ ಡಾಕ್ಟರರ ನಡತೆ. ಅವರು ಮಂಚದ ಬಳಿ ಕುರ್ಚಿ ಎಳೆದುಕೊಂಡು ಕುಳಿತು, "ಮೇಷ್ಟ್ರೆ, ನಮ್ಮ ಕಡೆಯಿಂದ ತಪ್ಪಾಗಿದೆ. ನಿಮ್ಮ ಮನೆಯವರು ಹೇಳಿದ್ದು ಸರಿ, ನಾವು ಮೊದಲೇ ಕೇಳಬೇಕಾಗಿತ್ತು" ಎಂದರು. ಏನಾಯಿತು, ಏಕೆ ಆಯಿತು, ಮುಂದೆ ಆಗದಂತೆ ಏನು ಮಾಡುವೆವು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಆತನು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ, "ತಪ್ಪು ಒಪ್ಪಿಕೊಂಡ ಹುಡುಗನನ್ನು ನಾನೂ ಹೊಡೆದವನಲ್ಲ" ಎಂದನು. ಪ್ರಮಾಣವನ್ನು ತಗ್ಗಿಸಿ, ಪರೀಕ್ಷೆಯ ದಿನಗಳನ್ನು ಗೊತ್ತುಮಾಡಿ, ಚಿಕಿತ್ಸೆಯನ್ನು ಮತ್ತೆ ಆರಂಭಿಸಿದರು. ಆತನು ಇಂದಿಗೂ ಪಾಠ ಹೇಳುತ್ತಿದ್ದಾನೆ.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನವನ್ನು ನಾವು ಹಬ್ಬವೆಂದು ಭಾವಿಸುತ್ತೇವೆ. ಆದರೆ ಎಚ್ಚರ ಹೆಚ್ಚಾಗಿ ಬೇಕಾದುದು ಆಗಲೇ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1996ರಿಂದ ಇಂಥ ಸಾವುಗಳ ವಿಚಾರಣೆಯನ್ನೇ ನಡೆಸುತ್ತಿರುವ ವಿದ್ವಾಂಸರು, ಮನೆಗೆ ಮರಳಿದ ಮೊದಲ ಒಂದೆರಡು ವಾರಗಳೇ ಅತ್ಯಂತ ಅಪಾಯದವೆಂದು ಕಂಡಿದ್ದಾರೆ. ಬಿಡುಗಡೆಯಾದ ಮೂರು ದಿನಗಳೊಳಗೆ ರೋಗಿಯನ್ನು ಮತ್ತೆ ಕಾಣಬೇಕೆಂಬ ನಿಯಮ ಅಲ್ಲಿ ಬಂದಿದೆ. ನಮ್ಮಲ್ಲಿ ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಟ್ಟು ಕಳುಹಿಸುವುದೇ ಬಹುಮಟ್ಟಿಗೆ ರೂಢಿ. ಮೊದಲ ವಾರದಲ್ಲಿಯೇ ಮತ್ತೆ ನೋಡಿರೆಂದೂ ಮಾತ್ರೆಗಳನ್ನು ಸ್ವಲ್ಪಸ್ವಲ್ಪವಾಗಿ ಕೊಡಿರೆಂದೂ ಕೇಳುವುದು ಅಧಿಕಪ್ರಸಂಗವಲ್ಲ.

ಮನೆಯಲ್ಲಿ ಮಾಡಬಹುದಾದವು ಇನ್ನೂ ಕೆಲವು ಇವೆ. ರೋಗಿಯು ಸೇವಿಸುವ ಔಷಧಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಹಲ್ಲುನೋವಿಗೆ ಹೋದರೂ ಅದನ್ನು ತೋರಿಸಬೇಕು. ಹೊಸ ಮಾತ್ರೆ ಬಂದಾಗಲೆಲ್ಲ "ಇದು ಹಳೆಯದರೊಡನೆ ಹೊಂದುವುದೇ?" ಎಂದು ಕೇಳಬೇಕು. ವ್ರತ, ಉಪವಾಸ, ಪಥ್ಯಗಳನ್ನು ಮೊದಲೇ ತಿಳಿಸಬೇಕು. ಮಾತ್ರೆಗಳ ಪೆಟ್ಟಿಗೆ ಮನೆಯವರೊಬ್ಬರ ವಶದಲ್ಲಿ ಬೀಗದೊಳಗಿರಲಿ; ಹೊಲಕ್ಕೆ ಹೊಡೆಯುವ ಔಷಧಗಳು ಮನೆಯೊಳಗೆ ಇರುವುದೇ ಬೇಡ. ಖಿನ್ನತೆಯ ಕೆಲವು ಔಷಧಗಳನ್ನು ಆರಂಭಿಸಿದ ಮೊದಲ ವಾರಗಳಲ್ಲಿ ತರುಣರನ್ನು ಹತ್ತಿರದಿಂದ ನೋಡಿಕೊಳ್ಳಬೇಕೆಂದು ಅಮೆರಿಕದ ಅಧಿಕಾರಿಗಳು 2004ರಿಂದ ಎಚ್ಚರಿಸುತ್ತ ಬಂದಿದ್ದಾರೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದೆಂಬ ಭಯಕ್ಕೆ ಆಧಾರವಿಲ್ಲ. ಮೆಲ್ಲನೆ, ನೇರವಾಗಿ ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚು.

ಮನೆಯವರನ್ನು ದೂರವಿಡಬಾರದೆಂಬ ತಿಳಿವಳಿಕೆ ನಮ್ಮ ದೇಶಕ್ಕೆ ಹೊಸದಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು 1950ರ ದಶಕದಲ್ಲಿಯೇ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಬಂಧುಗಳನ್ನೂ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕುಟುಂಬದವರನ್ನು ಚಿಕಿತ್ಸೆಯಲ್ಲಿ ಪಾಲುಗಾರರನ್ನಾಗಿ ಮಾಡಿಕೊಂಡು ಬಂದಿದೆ. ಹೊತ್ತುಹೊತ್ತಿಗೆ ಪಕ್ಕದಲ್ಲಿರುವ ಹೆಂಡತಿಗೋ ತಾಯಿಗೋ ತಿಳಿಯುವುದು, ಗಳಿಗೆಯ ಹೊತ್ತು ಕಾಣುವ ವೈದ್ಯನಿಗೆ ತಿಳಿಯಲಾರದು.

ಕಾಯಿದೆಯೂ ಈಗ ರೋಗಿಯ ಪರವಾಗಿದೆ. 2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯ ಪ್ರಕಾರ ರೋಗಿಗೆ ತನ್ನ ಚಿಕಿತ್ಸೆಯ ದಾಖಲೆಗಳನ್ನು ನೋಡುವ ಹಕ್ಕೂ, ಸೇವೆಯ ಲೋಪಗಳನ್ನು ಕುರಿತು ದೂರು ಕೊಡುವ ಹಕ್ಕೂ ಉಂಟು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರವಾದ ಮನಃಕ್ಲೇಶದಲ್ಲಿದ್ದನೆಂದು ಭಾವಿಸಿ, ಅವನಿಗೆ ಆರೈಕೆ ಒದಗಿಸುವುದು ಸರಕಾರದ ಕರ್ತವ್ಯವೆಂದು ಅದರ 115ನೆಯ ಪ್ರಕರಣ ಹೇಳುತ್ತದೆ. ಪೊಲೀಸರ ಭಯದಿಂದ ಇಂಥ ಸಂಗತಿಯನ್ನು ಮುಚ್ಚಿಡಬೇಕಾದ ಕಾಲ ಹೋಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯಲ್ಲಿ, 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ದೂರವಾಣಿ ಮಾಡಿ, ಕನ್ನಡದಲ್ಲಿಯೇ ಕಷ್ಟವನ್ನು ಹೇಳಿಕೊಳ್ಳಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ವೈದ್ಯನನ್ನು ದೇವರಿಗೆ ಸಮಾನನೆಂದು ಗೌರವಿಸಿದವರು ನಮ್ಮ ಹಿರಿಯರು. ಆ ಗೌರವ ಇರಲಿ. ಪ್ರಶ್ನೆ ಕೇಳುವುದರಿಂದ ಅದಕ್ಕೆ ಕುಂದಿಲ್ಲ; ಒಳ್ಳೆಯ ವೈದ್ಯನು ಪ್ರಶ್ನೆಯನ್ನು ಸಹಾಯವೆಂದೇ ಎಣಿಸುತ್ತಾನೆ. ಮನಸ್ಸಿಗೆ ರೋಗ ಬಂದವನೂ ನಮ್ಮವನೇ. ಅವನು "ನನಗೇನೋ ಆಗುತ್ತಿದೆ" ಎಂದಾಗ, ಅದು ರೋಗವೋ ಮದ್ದೋ ದುಃಖವೋ ಎಂದು ನಿರ್ಣಯಿಸುವುದಕ್ಕೆ ಮೊದಲು, ಅವನ ಮಾತನ್ನು ಪೂರ್ತಿಯಾಗಿ ಕೇಳುವಷ್ಟು ವ್ಯವಧಾನವನ್ನು ವೈದ್ಯರೂ ಮನೆಯವರೂ ಇಟ್ಟುಕೊಳ್ಳಬೇಕು.