ಸಣ್ಣ ಕೇಬಲ್ಲಿನ ಫಜೀತಿ

ಧಾರವಾಡದಿಂದ ಬಂದಿದ್ದ ಅವ್ವ ನಾಳಿದ್ದು ಹೊರಡುವವಳು. ಕ್ಯಾಮೆರಾದಲ್ಲಿರುವ ಅಪ್ಪನ ಕೊನೆಯ ವಿಡಿಯೋವನ್ನು ಟೀವಿಯಲ್ಲಿ ನೋಡಬೇಕಂತೆ. ಕ್ಯಾಮೆರಾದ ಪುಟ್ಟ ಪರದೆ ಅವಳ ಕಣ್ಣಿಗೆ ನಿಲುಕದು. ಡೊಂಬಿವಲಿಯಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ, ಲ್ಯಾಮಿಂಗ್ಟನ್ ರೋಡಿನಲ್ಲಿ "ಸಣ್ಣ ಎಚ್‌ಡಿಎಂಐ" ಅಂತ ಕೇಳಿ ತಂದೆ. ಕೂರಲೇ ಇಲ್ಲ! ತಂದದ್ದು ಮಿನಿ, ಬೇಕಿದ್ದದ್ದು ಮೈಕ್ರೋ. ಎರಡರಲ್ಲೂ 19 ಪಿನ್ನೇ; ಅಗಲ ಮಾತ್ರ ಮಿನಿಗೆ ಸುಮಾರು 10 ಮಿ.ಮೀ., ಮೈಕ್ರೋಗೆ ಸುಮಾರು 6. ಮೈಕ್ರೋದ ತೂತನ್ನು ನಾನು ಇಷ್ಟು ದಿನ ಚಾರ್ಜರಿನದು ಅಂದುಕೊಂಡಿದ್ದೆ, ನಗಬೇಡಿ.

ಮರುದಿನ ಕ್ಯಾಮೆರಾವನ್ನೇ ಕಿಸೆಯಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಚುಚ್ಚಿ ನೋಡಿ ತಂದೆ. (ನೀವೂ ಹಾಗೇ ಮಾಡಿ.)

ರಾತ್ರಿ ಟೀವಿಯಲ್ಲಿ ಅಪ್ಪ ಕೆಮ್ಮಿ, "ಸಾಕು, ಬಂದ್ ಮಾಡೋ ತಮ್ಮಾ" ಅಂದರು.

"ಇನ್ನೊಮ್ಮೆ ಹಚ್ಚಪಾ" ಅಂದಳು ಅವ್ವ.